ಅದಿರು ಮುಗಿದ ಮೇಲೂ ಊರು ಇರಬೇಕಲ್ಲ

ಸ್ಟೀಲ್ ಪಾತ್ರೆಗಳು ಅಡುಗೆಮನೆಗೆ ಬರುವ ಮೊದಲು ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಊರುಗಳಿಗೆ ವರ್ಷಕ್ಕೆ ಒಂದೆರಡು ಸಲವಾದರೂ ಕಲಾಯಿಗಾರ ಬರುತ್ತಿದ್ದ. ಗುಡಿಯ ಮುಂದೆಯೋ ಬೇವಿನ ಮರದ ಕೆಳಗೋ ಸಣ್ಣ ಕುಳಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತುತ್ತಾ ಕೂತನೆಂದರೆ ಓಣಿಯ ಹೆಂಗಸರು ಮನೆಯಲ್ಲಿದ್ದ ಹಿತ್ತಾಳೆ ಬೋಗುಣಿ, ತಪ್ಪೇಲಿ, ತಾಮ್ರದ ಪಾತ್ರೆಗಳನ್ನೆಲ್ಲ ತಂದು ಸಾಲಾಗಿ ಇಡುತ್ತಿದ್ದರು. ಕಾದ ಪಾತ್ರೆಗೆ ಆತ ನವಸಾಗರದ ಪುಡಿ ಎರಚುತ್ತಿದ್ದ. ಬಿಳಿ ಹೊಗೆ ಮೂಗಿಗೆ ಅಡರುತ್ತಿತ್ತು. ತವರದ ಕಡ್ಡಿಯನ್ನು ಒಳಮೈಗೆ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸರಸರನೆ ಒರೆಸಿದನೆಂದರೆ ಕಪ್ಪಗಿದ್ದ ಪಾತ್ರೆಯ ಹೊಟ್ಟೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಇದು ಬರೀ ಅಂದಕ್ಕಾಗಿ ಮಾಡುತ್ತಿದ್ದ ಕೆಲಸವಲ್ಲ. ಹುಣಸೆ ಹುಳಿ, ಮಜ್ಜಿಗೆ, ಟೊಮೆಟೊ ಇವುಗಳಲ್ಲಿರುವ ಆಮ್ಲ ತಾಮ್ರ, ಹಿತ್ತಾಳೆಯ ಜೊತೆ ಕೂಡಿದರೆ ಹಸಿರು ಕಿಲುಬು ಹುಟ್ಟುತ್ತದೆ. ಅದು ಹೊಟ್ಟೆಗೆ ಹೋದರೆ ವಿಷ. ತವರ ಹಾಗಲ್ಲ. ಅಡುಗೆಯ ಹುಳಿಗೆ ಅದು ಸುಲಭವಾಗಿ ಕರಗುವುದಿಲ್ಲ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ತವರ ಕರಗಲು 232 ಡಿಗ್ರಿ ಸಾಕು. ಹಾಗಾಗಿ ಮರದ ಕೆಳಗಿನ ಇದ್ದಿಲ ಒಲೆಯಲ್ಲೇ ಕೆಲಸ ಮುಗಿಯುತ್ತಿತ್ತು. ನವಸಾಗರ ಪಾತ್ರೆಯ ಮೇಲಿನ ಆಕ್ಸೈಡಿನ ಪೊರೆಯನ್ನು ಕಳೆದು, ತವರ ಅಂಟಿಕೊಳ್ಳಲು ಹಾದಿ ಮಾಡಿಕೊಡುತ್ತಿತ್ತು. ಕಲಾಯಿಗಾರನಿಗೆ ಈ ಹೆಸರುಗಳು ಗೊತ್ತಿದ್ದವೋ ಇಲ್ಲವೋ, ಕೆಲಸವಂತೂ ಚೆನ್ನಾಗಿ ಗೊತ್ತಿತ್ತು.

ಆದರೆ ಆ ತವರದ ಕಡ್ಡಿ ಬಂದದ್ದೆಲ್ಲಿಂದ? ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣವುಂಟು, ಮ್ಯಾಂಗನೀಸ್ ಉಂಟು, ತವರದ ಗಣಿ ಇಲ್ಲ. ಭಾರತದಲ್ಲಿ ತವರದ ಅದಿರು ತೆಗೆಯುವ ಜಾಗವೆಂದರೆ ಛತ್ತೀಸಗಡದ ದಾಂತೇವಾಡ, ಸುಕ್ಮಾ ಕಡೆಯ ಕಾಡು. ಅದೂ ಅಲ್ಪಸ್ವಲ್ಪ. ಉಳಿದದ್ದೆಲ್ಲ ಹಡಗಿನಲ್ಲಿ ಬರಬೇಕು. ಹಿಂದಿನ ಕಾಲದಲ್ಲಿ ಅದು ಹೆಚ್ಚಾಗಿ ಬರುತ್ತಿದ್ದುದು ಮಲಯ ದೇಶದಿಂದ. ಅಲ್ಲಿನ ಒಂದು ಹಳೆಯ ರೇವನ್ನು ಅರಬ್ ವರ್ತಕರು 'ಕಲಹ್' ಎಂದು ಕರೆಯುತ್ತಿದ್ದರು. ಆ ಹೆಸರಿನಿಂದಲೇ ಅರಬ್ಬಿಯಲ್ಲಿ ತವರಕ್ಕೆ 'ಕಲಯಿ' ಎಂಬ ಮಾತು ಹುಟ್ಟಿತು, ಅದೇ ಕನ್ನಡದ ಕಲಾಯಿ ಆಯಿತು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಯಾವುದೋ ಕಡಲಾಚೆಯ ರೇವಿನ ಹೆಸರನ್ನು ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ದಿನವೂ ಕೂಗಲಾಗುತ್ತಿತ್ತು ಎಂದಾಯಿತು.

ತವರ ಕೊಟ್ಟ ಆ ಊರುಗಳ ಕಥೆ ಇಂದು ಬಳ್ಳಾರಿ ಸೀಮೆಯವರು ಕೇಳಲೇಬೇಕಾದದ್ದು. ಏಕೆಂದರೆ ಅಲ್ಲಿ ತವರ ಮುಗಿಯಿತು, ಊರು ಮುಗಿಯಲಿಲ್ಲ.

ಮೊದಲು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್. ಅಲ್ಲಿನ ಕ್ಯಾಂಬೋರ್ನ್, ರೆಡ್ರುತ್ ಎಂಬ ಜೋಡಿ ಊರುಗಳ ಸುತ್ತ ಶತಮಾನಗಳ ಕಾಲ ತಾಮ್ರ ಮತ್ತು ತವರ ತೆಗೆದರು. ಗಣಿ ಆಳಕ್ಕೆ ಇಳಿದಂತೆ ಒಂದೊಂದೇ ತೊಡಕು ಎದುರಾಯಿತು. ನೀರು ತುಂಬಿಕೊಂಡಿತು, ಅದನ್ನು ಎತ್ತಲು ಉಗಿಯಂತ್ರ ಬೇಕಾಯಿತು. ಕ್ಯಾಂಬೋರ್ನ್ ಬಳಿ ಹುಟ್ಟಿದ ರಿಚರ್ಡ್ ಟ್ರೆವಿಥಿಕ್ ಗಣಿಯ ಯಂತ್ರಗಳ ಜೊತೆ ಬೆಳೆದವನು. 1801ರಲ್ಲಿ ಅದೇ ಊರಿನ ಏರುದಾರಿಯಲ್ಲಿ ಉಗಿಯ ಬಂಡಿ ಓಡಿಸಿ ತೋರಿಸಿದ. ಬಂಡೆ ಸಿಡಿಸುವ ಮದ್ದು ಹೊತ್ತಿಗೆ ಮುಂಚೆ ಸಿಡಿದು ಜನ ಸಾಯುತ್ತಿದ್ದರು. ಅದಕ್ಕೆ ವಿಲಿಯಂ ಬಿಕ್‌ಫರ್ಡ್ 1831ರಲ್ಲಿ ನಿಧಾನವಾಗಿ, ಲೆಕ್ಕದಂತೆ ಉರಿಯುವ ಬತ್ತಿಯನ್ನು ಕಂಡುಹಿಡಿದ. ಅದನ್ನು ಮಾಡುವ ಕಾರ್ಖಾನೆ ಅಲ್ಲೇ ಎದ್ದಿತು. ಹೋಲ್ಮನ್ ಸಹೋದರರ ಕಂಪನಿ ಬಂಡೆ ಕೊರೆಯುವ ಯಂತ್ರ ಮಾಡಿ ಲೋಕಕ್ಕೆಲ್ಲ ಮಾರಿತು. 1888ರಲ್ಲಿ ಕ್ಯಾಂಬೋರ್ನ್‌ನಲ್ಲಿ ಗಣಿವಿದ್ಯೆಯ ಶಾಲೆಯೇ ತೆರೆಯಿತು.

ಗಣಿಯ ತೊಂದರೆಗಳೇ ಅಲ್ಲಿ ಕಸಬುಗಳಾದವು ಎನ್ನುವುದನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಲೆ ಕುಸಿದು ಗಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಜನ ಊರು ಬಿಟ್ಟರು. ಅದು ಸಣ್ಣ ನೋವಲ್ಲ. ಆದರೆ ಬಿಟ್ಟು ಹೋದವರ ಕೈಯಲ್ಲಿ ವಿದ್ಯೆ ಇತ್ತು, ಉಳಿದವರ ಊರಿನಲ್ಲಿ ಕಾರ್ಖಾನೆ ಇತ್ತು. ಸೌತ್ ಕ್ರಾಫ್ಟಿ ಎಂಬ ಕೊನೆಯ ತವರದ ಗಣಿ 1998ರಲ್ಲಿ ಮುಚ್ಚುವವರೆಗೂ ಆ ಭಾಗದ ಬದುಕು ಗಣಿಯೊಂದನ್ನೇ ನಂಬಿರಲಿಲ್ಲ.

ಇನ್ನು ಮಲಯ. ಅಲ್ಲಿ ತವರದ ಅದಿರು ಬಂಡೆಯೊಳಗಲ್ಲ, ಹೆಚ್ಚಾಗಿ ಹೊಳೆಗಳು ತಂದು ಹಾಕಿದ ಮರಳು, ಮೆಕ್ಕಲಿನಲ್ಲಿತ್ತು. ಕೌಲಾಲಂಪುರ ನಗರವೇ 1857ರಲ್ಲಿ ತವರ ಹುಡುಕಿ ಬಂದವರ ಗುಡಿಸಲುಗಳಿಂದ ಶುರುವಾದದ್ದು. ನೂರು ವರ್ಷ ಕಳೆಯುವಷ್ಟರಲ್ಲಿ ಕಿಂಟಾ ಕಣಿವೆ, ಸೆಲಂಗೋರ್ ಕಡೆಯ ನೆಲವೆಲ್ಲ ಅಗೆದ ಗುಂಡಿ, ನೀರು ನಿಂತ ಹೊಂಡ, ಬೆಳೆ ಬಾರದ ಮರಳುಗುಡ್ಡೆಯಾಗಿತ್ತು. 1985ರ ಅಕ್ಟೋಬರಿನಲ್ಲಿ ತವರದ ಬೆಲೆಯನ್ನು ಹಿಡಿದು ನಿಲ್ಲಿಸಿದ್ದ ಅಂತರರಾಷ್ಟ್ರೀಯ ಮಂಡಳಿ ದಿವಾಳಿಯಾಯಿತು. ಬೆಲೆ ಪಾತಾಳಕ್ಕಿಳಿದು ಗಣಿಗಳು ಸಾಲುಸಾಲಾಗಿ ನಿಂತವು.

ಆದರೂ ಮಲೇಷ್ಯಾ ಮುಳುಗಲಿಲ್ಲ. ಬೆಲೆ ಕುಸಿಯುವುದಕ್ಕೆ ಹದಿಮೂರು ವರ್ಷ ಮೊದಲೇ, 1972ರಲ್ಲಿ, ಅದು ಪಿನಾಂಗ್‌ನ ಬಾಯಾನ್ ಲೆಪಾಸ್ ಮತ್ತು ಸೆಲಂಗೋರ್‌ನ ಸುಂಗೈ ವೇ ಎಂಬಲ್ಲಿ ರಫ್ತು ಕೈಗಾರಿಕಾ ವಲಯ ತೆರೆದಿತ್ತು. ಸುಂಗೈ ವೇ ಸುತ್ತಮುತ್ತಲಿನದು ತವರ ಅಗೆದು ಬಿಟ್ಟ ನೆಲ. ಅಲ್ಲಿ ರೇಡಿಯೊ, ಟೀವಿ, ಗಣಕಯಂತ್ರದ ಬಿಡಿಭಾಗ ಜೋಡಿಸುವ ಕಾರ್ಖಾನೆಗಳು ಬಂದವು. ಆ ಬಿಡಿಭಾಗಗಳನ್ನು ಬೆಸೆಯುವ ಲೋಹ ಯಾವುದು? ತವರವೇ. ನೆಲದಿಂದ ಮಣ್ಣಾಗಿ ಹೋಗುತ್ತಿದ್ದ ತವರ ಯಂತ್ರದೊಳಗೆ ಸೇರಿ, ನೂರು ಪಾಲು ಬೆಲೆ ಹೊತ್ತು ಹೊರಟಿತು. ಗಣಿಯ ಹೊಂಡಗಳಲ್ಲಿ ಒಂದು ಇಂದು ಸನ್‌ವೇ ಎಂಬ ಹೆಸರಿನ ದೊಡ್ಡ ಪಟ್ಟಣದ ಕೆರೆಯಾಗಿದೆ.

ಈಗ ಕನ್ನಡ ನಾಡಿಗೆ ಬರೋಣ. ಕಾರ್ನ್‌ವಾಲ್ ಬಿಟ್ಟ ತವರದ ಗಣಿಗಾರರಲ್ಲಿ ಒಂದು ಗುಂಪು ಬಂದಿಳಿದದ್ದು ಕೋಲಾರದ ಚಿನ್ನದ ಗಣಿಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೈ ಹಾಕಿತು. ಆಳಕ್ಕೆ ಇಳಿದು ಅಭ್ಯಾಸವಿದ್ದ ಕಾರ್ನ್‌ವಾಲಿನವರು ಮೇಸ್ತ್ರಿಗಳಾಗಿ, ತಮಿಳು, ತೆಲುಗು, ಕನ್ನಡದ ಬಡವರು ಕೂಲಿಗಳಾಗಿ ಸುರಂಗ ಹೊಕ್ಕರು. ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. ಏಷ್ಯಾ ಖಂಡದಲ್ಲೇ ಹೆಸರಾದ ಕೆಲಸವದು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ ಮುಟ್ಟಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರಿತ್ತು. 1965ರಲ್ಲಿ ವಿಜ್ಞಾನಿಗಳು ಅದೇ ಸುರಂಗದ ಆಳದಲ್ಲಿ ವಾಯುಮಂಡಲದಿಂದ ಬರುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಹಿಡಿದರು.

ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಆರಂಭದಲ್ಲಿ ಟನ್ ಅದಿರಿಗೆ 40 ಗ್ರಾಂಗಿಂತ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿಯಿತು. ಒಂದು ಗ್ರಾಂ ತೆಗೆಯುವ ಖರ್ಚು ಒಂದು ಗ್ರಾಂ ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರುವರಿ 28ರಂದು ಗಣಿ ನಿಂತಿತು.

ಕೆಜಿಎಫ್‌ನಲ್ಲಿ ಕೈಗಾರಿಕೆ ಇರಲಿಲ್ಲವೆಂದಲ್ಲ. 1964ರಲ್ಲಿ ಆರಂಭವಾದ ಬೆಮೆಲ್ ಕಾರ್ಖಾನೆಯ ದೊಡ್ಡ ಘಟಕ ಅಲ್ಲೇ ಇದೆ. ಮಣ್ಣು ಅಗೆಯುವ, ಗಣಿಯಲ್ಲಿ ದುಡಿಯುವ ಭಾರಿ ಯಂತ್ರಗಳು ಅಲ್ಲಿಂದ ದೇಶಕ್ಕೆಲ್ಲ ಹೋಗುತ್ತವೆ. ಆದರೆ ಒಂದು ಕಾರ್ಖಾನೆ ಇಡೀ ಗಣಿನಗರವನ್ನು ಹೊತ್ತುಕೊಳ್ಳಲಾರದು. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಜಾಗವದು. ಸುರಂಗದೊಳಗೆ ಮರ ಕಟ್ಟುವುದು, ಮದ್ದು ಇಡುವುದು, ಬಂಡೆಯ ಸದ್ದು ಕೇಳಿ ಅಪಾಯ ಹೇಳುವುದು, ಇವೆಲ್ಲ ಗಣಿಯ ಹೊರಗೆ ಯಾರೂ ಕೇಳದ ವಿದ್ಯೆಗಳಾದವು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವ ಬದುಕು ಹಿಡಿದರು. ಊರಿನ ನಡುವೆ ಸುಮಾರು 3.3 ಕೋಟಿ ಟನ್ ಗಣಿಪುಡಿಯ ಗುಡ್ಡೆಗಳು ಬಿದ್ದಿವೆ. ಗಾಳಿ ಎದ್ದಾಗ ಅದರ ಧೂಳು ಮನೆಯೊಳಗೆ ಬರುತ್ತದೆ. ಬೆಮೆಲ್ ಬಳಸದೆ ಬಿಟ್ಟ ಒಂಬೈನೂರಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡಲು ರಾಜ್ಯ ಸರ್ಕಾರ ಮುಂದಾದದ್ದು ಗಣಿ ಮುಚ್ಚಿ ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ. ಅಷ್ಟರಲ್ಲಿ ಒಂದು ತಲೆಮಾರೇ ರೈಲಿನಲ್ಲಿ ಬೆಳೆದು ದೊಡ್ಡದಾಗಿತ್ತು.

ಮಲಯದಲ್ಲಿ ಹೊಸ ದಾರಿ ಗಣಿ ನಿಲ್ಲುವ ಮೊದಲೇ ತೆರೆದಿತ್ತು. ಕೋಲಾರದಲ್ಲಿ ಅದರ ಹುಡುಕಾಟ ಗಣಿ ನಿಂತ ಮೇಲೆ ಶುರುವಾಯಿತು. ಎರಡರ ನಡುವಿನ ವ್ಯತ್ಯಾಸ ಇಷ್ಟೇ.

ಸಂಡೂರಿನ ವಿಷಯಕ್ಕೆ ಬಂದರೆ, ಇಲ್ಲಿ ಇನ್ನೊಂದು ಬಗೆಯ ಪಾಠವೂ ಇದೆ. ಅದಿರು ಇದ್ದೂ ಕಸಬು ಸತ್ತದ್ದು ಇಲ್ಲೇ. ಹೊಸಪೇಟೆ ಪಕ್ಕದ ಜಂಬುನಾಥನ ಗುಡ್ಡದ ಅದಿರನ್ನು ಕರಗಿಸಿ, ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದ ಮೇಲೆ ಆ ಕುಲುಮೆಗಳು ಆರಿದವು. ಗುಡ್ಡದಲ್ಲಿ ಅದಿರು ಹಾಗೇ ಇತ್ತು, ಕರಗಿಸುವ ಕೈ ಇಲ್ಲವಾಯಿತು. 1895ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿವರ ಬರೆದು ಸಂಡೂರು ಸಾಲಿನ ಕಬ್ಬಿಣದ ಸಂಪತ್ತನ್ನು ಲೋಕಕ್ಕೆ ತಿಳಿಸಿದಾಗ, ಅದನ್ನು ಉಕ್ಕು ಮಾಡುವ ಒಂದು ಕಾರ್ಖಾನೆಯೂ ಈ ಸೀಮೆಯಲ್ಲಿ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಂಡೂರಿನ ಮ್ಯಾಂಗನೀಸ್ ಅದಿರು ರೈಲು ಹತ್ತಿ, ಹಡಗು ಹತ್ತಿ ಹೊರದೇಶಕ್ಕೆ ಹೋಯಿತು. ಕೊಟ್ಟೂರು ರೈಲು ಮಾರ್ಗದ ಗುಂಡಾ ರೋಡ್ ನಿಲ್ದಾಣದಿಂದ ಸ್ವಾಮಿಹಳ್ಳಿಗೆ ಕವಲು ಹಳಿ ಹಾಕಿದ್ದು ಅದಿರಿಗಾಗಿಯೇ. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1960ರ ದಶಕದಲ್ಲಿ ಅದು ವ್ಯಾಸನಕೆರೆಯಲ್ಲಿ ಲೋಹದ ಕಾರ್ಖಾನೆ ಹೂಡಿತು. ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಆ ಕಲ್ಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಲ್ಲಾಗಿಯೇ ಉಳಿಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಉಕ್ಕು ಕಂಪನಿ ಸ್ಥಾಪನೆಯಾಗಿ, ಆ ದಶಕದ ಕೊನೆಗೆ ಕುಲುಮೆ ಹೊತ್ತಿತು. ಕೋಕ್ ಒಲೆಗಳ ಗೊಡವೆ ಕಡಿಮೆ ಮಾಡಿ ಸಾಮಾನ್ಯ ಕಲ್ಲಿದ್ದಲಿನಿಂದಲೇ ಅದಿರು ಕರಗಿಸುವ ಕೋರೆಕ್ಸ್ ವಿಧಾನವನ್ನು ಭಾರತದಲ್ಲಿ ಮೊದಲು ತಂದದ್ದು ಈ ಕಾರ್ಖಾನೆ. ಇಂದು ಅದು ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು.

ಕಾರ್ಖಾನೆ ಬಂದರೂ ಅದಿರನ್ನು ಮಣ್ಣಿನಂತೆ ಮಾರುವ ಆಸೆ ಬಿಡಲಿಲ್ಲ. 2003ರ ನಂತರ ಚೀನಾದ ಬೇಡಿಕೆ ಏರಿ, ಹಿಂದೆ ಕಸವೆಂದು ಬಿಟ್ಟಿದ್ದ ಪುಡಿ ಅದಿರಿಗೂ ಚಿನ್ನದ ಬೆಲೆ ಬಂತು. ಹೊಲ ಅಡವಿಟ್ಟು, ಸಾಲ ಮಾಡಿ ಲಾರಿ ಕೊಂಡವರು ಎಷ್ಟೋ ಜನ. ಹೆದ್ದಾರಿಯ ಪಕ್ಕದ ಬೇವಿನ ಎಲೆಗಳೂ ಕೆಂಪಾದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಂದು ವಾರದಲ್ಲಿ ರಸ್ತೆ ಖಾಲಿಯಾಯಿತು. ಲಾರಿಗಳು ಮನೆಯ ಮುಂದೆ ನಿಂತವು, ಬಡ್ಡಿ ಮಾತ್ರ ನಿಲ್ಲಲಿಲ್ಲ. ಗಣಿ ಮುಚ್ಚಿದರೆ ಏನಾಗುತ್ತದೆ ಎಂಬುದರ ಒಂದು ಸಣ್ಣ ತಾಲೀಮನ್ನು ಈ ಸೀಮೆ ಆಗಲೇ ನೋಡಿಬಿಟ್ಟಿತು. ಆಮೇಲೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯೊಂದಿಗೆ ಗಣಿಗಳು ಮತ್ತೆ ತೆರೆದವು. 2022ರಲ್ಲಿ ಬಳ್ಳಾರಿಯ ಮಿತಿಯನ್ನು ವರ್ಷಕ್ಕೆ 3.5 ಕೋಟಿ ಟನ್ನಿಗೆ ಏರಿಸಲಾಯಿತು.

ಇಲ್ಲೊಂದು ಪ್ರೌಢಶಾಲೆಯ ಲೆಕ್ಕ. ಒಂದು ಗುಡ್ಡದ ಸಾಲಿನಲ್ಲಿ 100 ಕೋಟಿ ಟನ್ ಅದಿರು ಇದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3.5 ಕೋಟಿ ಟನ್ ತೆಗೆದರೆ ಅದು 29 ವರ್ಷವೂ ಬಾರದು. ಗುಡ್ಡದಲ್ಲಿ ಅದರ ಎರಡರಷ್ಟೇ ಇದ್ದರೂ ಇಂದು ತೊಟ್ಟಿಲಲ್ಲಿರುವ ಮಗು ಮುದುಕನಾಗುವ ಹೊತ್ತಿಗೆ ಮುಗಿಯುತ್ತದೆ. ಭತ್ತ, ಜೋಳ ಪ್ರತಿವರ್ಷ ಬೆಳೆಯುತ್ತವೆ. ಅದಿರು ಒಂದೇ ಸಲದ ಬೆಳೆ. ಸಂಡೂರಿನ ಕಬ್ಬಿಣದ ಪದರಗಳು ಕೂಡಿಬಂದು ಇನ್ನೂರೈವತ್ತು ಕೋಟಿ ವರ್ಷಗಳ ಮೇಲಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಗುಡ್ಡಕ್ಕೂ ಸಲ್ಲುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಇದರಿಂದ ಏನು ಎಂದು ಕೇಳಬಹುದು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದು ತಾಲ್ಲೂಕುಗಳು ಹೊಸಪೇಟೆಯ ಜೊತೆ ಬಂದವು. ಸಂಡೂರು, ತೋರಣಗಲ್ಲು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಗುಡ್ಡದ ಬಹುಪಾಲು ಆ ಕಡೆ, ದುಡಿಯುವ ಕೈಗಳಲ್ಲಿ ಎಷ್ಟೋ ಈ ಕಡೆ. ಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಜನ ಈ ತಾಲ್ಲೂಕುಗಳವರು. ಅರವತ್ತು, ಎಂಬತ್ತು ಕಿಲೋಮೀಟರ್ ದೂರದಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆ ಇದ್ದೂ ಮನೆಗೆ ಬೀಗ ಹಾಕಿ ಗುಳೆ ಹೋಗುವ ಪರಿಸ್ಥಿತಿ ಏಕೆ ಎಂಬುದೇ ಯೋಚಿಸಬೇಕಾದ ಪ್ರಶ್ನೆ.

ಉತ್ತರ ಕ್ಯಾಂಬೋರ್ನ್‌ನಲ್ಲಿದೆ. ದೊಡ್ಡ ಕಾರ್ಖಾನೆಯೊಳಗೆ ಎಲ್ಲರಿಗೂ ಕೆಲಸ ಸಿಗುವುದಿಲ್ಲ, ಸಿಗಲೂಬೇಕಿಲ್ಲ. ಆದರೆ ಅದರ ಸುತ್ತ ನೂರು ಸಣ್ಣ ಕಾರ್ಖಾನೆ ಬದುಕಬಹುದು. ಬೇರಿಂಗ್ ಬದಲಿಸುವವರು, ಪಂಪು ರಿಪೇರಿ ಮಾಡುವವರು, ಲೇತ್‌ನಲ್ಲಿ ಬಿಡಿಭಾಗ ಕಡೆಯುವವರು, ವೆಲ್ಡರ್‌ಗಳು, ಅದಿರಿನ ಮಾದರಿ ಪರೀಕ್ಷಿಸುವ ಪ್ರಯೋಗಶಾಲೆಯವರು ಬೇಕು. ಉಕ್ಕು ಇಲ್ಲಿಂದ ಹಾಳೆಯಾಗಿ, ಸರಳಾಗಿ ಹೊರಡುತ್ತದೆ. ಅದೇ ಉಕ್ಕು ನೇಗಿಲಾಗಿ, ಕೂರಿಗೆಯಾಗಿ, ಶೇಂಗಾ ಬಿಡಿಸುವ ಯಂತ್ರವಾಗಿ ಹೊರಡಬಾರದೇ? ಶೇಂಗಾ, ಮೆಕ್ಕೆಜೋಳ ಬೆಳೆಯುವ ಈ ತಾಲ್ಲೂಕುಗಳಿಗಿಂತ ಹೆಚ್ಚಾಗಿ ಆ ಯಂತ್ರಗಳ ಅಗತ್ಯ ಇನ್ನಾರಿಗೆ ಗೊತ್ತು? ಸಂಡೂರಿನ ಲಂಬಾಣಿ ಹೆಂಗಸರು ಇದನ್ನು ಸೂಜಿದಾರದಲ್ಲೇ ಮಾಡಿ ತೋರಿಸಿದ್ದಾರೆ. ತಾಂಡಾದ ಕಸೂತಿಯನ್ನು ಕುಶಲ ಕಲಾ ಕೇಂದ್ರದ ಮೂಲಕ ದೂರದ ಪೇಟೆಗಳಿಗೆ ತಲುಪಿಸಿ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಗಳಿಸಿದರು. ಗುಡ್ಡ ಕರಗಿದರೂ ಆ ಕಸಬು ಕರಗುವುದಿಲ್ಲ.

ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ. 2015ರ ಕಾನೂನು ತಿದ್ದುಪಡಿಯಂತೆ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಗಣಿಯವರು ಕೊಡುವ ರಾಜಧನದ ಜೊತೆಗೆ ಅದಕ್ಕೂ ಒಂದು ಪಾಲು ಬರುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ತರಬೇತಿಗೆ ಮೊದಲ ಆದ್ಯತೆ ಎಂದು ನಿಯಮವೇ ಹೇಳುತ್ತದೆ. ಅದಲ್ಲದೆ, ಗಣಿಬಾಧಿತ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಈ ಹಣ ಯಾರ ದಯೆಯಲ್ಲ. ಗುಡ್ಡವನ್ನು ಮಾರಿ ಬಂದ ಹಣ. ಇದರಲ್ಲಿ ಎಷ್ಟು ಪಾಲು ಕಮಾನು, ಸಭಾಭವನ, ವರ್ಷವೂ ಬಾಳದ ಡಾಂಬರಿಗೆ ಹೋಯಿತು, ಎಷ್ಟು ಪಾಲು ಐಟಿಐ ಯಂತ್ರಗಳಿಗೆ, ಶಾಲೆಯ ಪ್ರಯೋಗಶಾಲೆಗೆ, ಸಣ್ಣ ಕೈಗಾರಿಕೆಯ ಶೆಡ್ಡುಗಳಿಗೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಕೊನೆಗೊಂದು ಸಮಾಧಾನದ ಮಾತು ವಿಜ್ಞಾನದಲ್ಲಿದೆ. ಅದಿರು ಮುಗಿದರೆ ಉಕ್ಕು ಮುಗಿಯಬೇಕಾಗಿಲ್ಲ. ಹಳೆಯ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮತ್ತೆ ಮತ್ತೆ ಉಕ್ಕು ಮಾಡಬಹುದು. ಮುರಿದ ಬಸ್ಸು, ತುಕ್ಕು ಹಿಡಿದ ಸೇತುವೆ, ಹಳೆಯ ಹಡಗು ಎಲ್ಲವೂ ನಾಳಿನ ಅದಿರೇ. ಆದರೆ ಹಳೆಯ ಕಬ್ಬಿಣ ಕರಗಿಸಬಲ್ಲವರು ಎಲ್ಲಿರುತ್ತಾರೋ ಅಲ್ಲಿಗೇ ಅದು ಹುಡುಕಿಕೊಂಡು ಹೋಗುತ್ತದೆ. ಕಮಲಾಪುರದ ಕುಲುಮೆ ಆರಿದ್ದು ಅದಿರು ಇಲ್ಲದೆ ಅಲ್ಲ. ತೋರಣಗಲ್ಲಿನ ಕುಲುಮೆ ಮುಂದೆಯೂ ಉರಿಯಬೇಕಾದರೆ, ಅದರ ಬೆಳಕು ಈ ಐದು ತಾಲ್ಲೂಕುಗಳ ಮನೆಗಳಿಗೂ ಬೀಳಬೇಕಾದರೆ, ಇಂದು ಒಂಬತ್ತನೆಯ, ಹತ್ತನೆಯ ತರಗತಿಯಲ್ಲಿ ಕೂತಿರುವ ಮಕ್ಕಳ ಕೈಗೆ ಕಸಬು ಬರಬೇಕು. ಗುಡ್ಡದಲ್ಲಿ ಇನ್ನೂ ಅದಿರು ಇರುವಾಗಲೇ ಆ ಕೆಲಸ ಆಗಬೇಕು.